ಪಟ್ಟಿಗೆ ಮೊದಲು ಮಾನದಂಡ: ಡೇಟಾ ಸೆಂಟರ್ ಪಾಠವೊಂದರ ಅನುಭವ

ಬೋಧನಾಭ್ಯಾಸದ ಮೂರನೆಯ ವಾರದಲ್ಲಿ ದ್ವಿತೀಯ ಪಿಯುಸಿಯ ಗಣಕ ವಿಜ್ಞಾನ ತರಗತಿಗೆ ಎರಡು ಅವಧಿಗಳ ಪೂರಕ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತು. ವಿದ್ಯಾರ್ಥಿಗಳು ಕಂಪ್ಯೂಟರ್ ಜಾಲಗಳ ಘಟಕವನ್ನು ಆಗಷ್ಟೇ ಮುಗಿಸಿದ್ದರು. ಸರ್ವರ್, ಸ್ವಿಚ್, ಹಾರ್ಡ್ ಡಿಸ್ಕ್ ಎಂಬ ಪದಗಳು ಅವರಿಗೆ ಪರಿಚಿತ. ಇವೆಲ್ಲ ಒಂದು ವ್ಯಾಪಾರ ಸಂಸ್ಥೆಯ ಡೇಟಾ ಸೆಂಟರಿನಲ್ಲಿ ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಾಗಾಗಿ 'ಕನ್ವರ್ಜ್ಡ್ ಇನ್‌ಫ್ರಾಸ್ಟ್ರಕ್ಚರ್ ವ್ಯವಸ್ಥೆಗಳ ಹೋಲಿಕೆ' ಎಂಬ ವಿಷಯವನ್ನು ಆರಿಸಿಕೊಂಡೆ. ಮೊದಲ ಅವಧಿ ಸೋತಿತು. ಎರಡನೆಯದು ತಕ್ಕಮಟ್ಟಿಗೆ ಗೆದ್ದಿತು. ಎರಡರ ನಡುವೆ ಬದಲಾದದ್ದೇನು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳೊಡನೆ ಹಂಚಿಕೊಳ್ಳಲು ಈ ಲೇಖನ.

ವಿಷಯದ ಆಯ್ಕೆ

ಬಿಎಸ್ಸಿ ಮುಗಿಸಿ ಬಿಎಡ್‌ಗೆ ಸೇರುವ ಮೊದಲು ಒಂದು ವರ್ಷ ನಾನು ಬೆಂಗಳೂರಿನ ಒಂದು ಸಂಸ್ಥೆಯ ಸರ್ವರ್ ಕೊಠಡಿಯಲ್ಲಿ ಪಾಳಿ ಕೆಲಸ ಮಾಡಿದ್ದೆ. ಅಲ್ಲಿ ಸರ್ವರ್ ಒಂದು ಕಂಪನಿಯದು, ಸ್ಟೋರೇಜ್ ಇನ್ನೊಂದರದು, ಇವೆರಡನ್ನು ಜೋಡಿಸುವ ಸ್ವಿಚ್ ಮತ್ತೊಂದರದು. ಒಂದು ರಾತ್ರಿ ಸರ್ವರ್‌ಗಳ ಫರ್ಮ್‌ವೇರ್ ನವೀಕರಿಸಿದ ಬಳಿಕ ಸ್ಟೋರೇಜ್ ಕಾಣದಾಯಿತು. ಸರ್ವರ್‌ನವರಿಗೆ ಫೋನ್ ಮಾಡಿದರೆ ಸ್ಟೋರೇಜ್‌ನವರನ್ನು ಕೇಳಿ ಎಂದರು. ಸ್ಟೋರೇಜ್‌ನವರು ಸ್ವಿಚ್ ನೋಡಿ ಎಂದರು. ಸ್ವಿಚ್‌ನವರು, ನಮ್ಮದರಲ್ಲಿ ದೋಷವಿಲ್ಲ ಎಂದರು. ಹೊಸ ಫರ್ಮ್‌ವೇರ್‌ಗೂ ಹಳೆಯ ಡ್ರೈವರ್‌ಗೂ ಹೊಂದಾಣಿಕೆ ಇಲ್ಲ ಎಂದು ತಿಳಿಯುವಷ್ಟರಲ್ಲಿ ಬೆಳಗಾಗಿತ್ತು. ಪ್ರತಿ ಕಂಪನಿಯೂ ತನ್ನ ಮಟ್ಟಿಗೆ ನಿಜವನ್ನೇ ಹೇಳಿತ್ತು. ಒಟ್ಟು ವ್ಯವಸ್ಥೆಗೆ ಹೊಣೆಗಾರರು ಮಾತ್ರ ಯಾರೂ ಇರಲಿಲ್ಲ.

ಕನ್ವರ್ಜ್ಡ್ ಇನ್‌ಫ್ರಾಸ್ಟ್ರಕ್ಚರ್ ಹುಟ್ಟಿದ್ದೇ ಈ ತೊಂದರೆಗೆ ಉತ್ತರವಾಗಿ. ಆದರೆ ಈ ಘಟನೆಯನ್ನು ಮೊದಲ ಅವಧಿಯಲ್ಲಿ ನಾನು ಹೇಳಲೇ ಇಲ್ಲ. ಅದು ಪಾಠ ಯೋಜನೆಯಲ್ಲಿ ಇರಲಿಲ್ಲ!

ವಿಷಯ ವಿಶ್ಲೇಷಣೆ

ಗಣನೆ ಮಾಡುವ ಸರ್ವರ್, ದತ್ತಾಂಶ ಇಡುವ ಸ್ಟೋರೇಜ್, ಜೋಡಿಸುವ ಜಾಲ, ಒಂದೇ ಯಂತ್ರದಲ್ಲಿ ಹಲವು ಯಂತ್ರಗಳನ್ನು ನಡೆಸುವ ವರ್ಚುವಲೈಸೇಷನ್ ತಂತ್ರಾಂಶ, ಈ ನಾಲ್ಕನ್ನು ಒಂದಕ್ಕೊಂದು ಹೊಂದುವಂತೆ ಮೊದಲೇ ಪರೀಕ್ಷಿಸಿ ಒಂದು ಘಟಕವಾಗಿ ಕೊಡುವುದೇ ಕನ್ವರ್ಜ್ಡ್ ಇನ್‌ಫ್ರಾಸ್ಟ್ರಕ್ಚರ್. ಪಾಠಕ್ಕೆ ಮೂರು ಮಾದರಿಗಳನ್ನು ಆರಿಸಿಕೊಂಡೆ.

ಮೊದಲನೆಯದು ವಿಬ್ಲಾಕ್. 2009ರಲ್ಲಿ ಸಿಸ್ಕೊ ಮತ್ತು ಇಎಂಸಿ ಕಂಪನಿಗಳು, ವಿಎಂವೇರ್ ಮತ್ತು ಇಂಟೆಲ್‌ಗಳ ಹೂಡಿಕೆಯೊಂದಿಗೆ ಕಟ್ಟಿದ ವಿಸಿಇ ಎಂಬ ಸಂಸ್ಥೆಯ ಉತ್ಪನ್ನ ಇದು. ಸಿಸ್ಕೊ ಸರ್ವರ್ ಮತ್ತು ಸ್ವಿಚ್, ಇಎಂಸಿ ಸ್ಟೋರೇಜ್, ವಿಎಂವೇರ್ ತಂತ್ರಾಂಶ ಎಲ್ಲವನ್ನೂ ಕಾರ್ಖಾನೆಯಲ್ಲೇ ರ‍್ಯಾಕ್‌ಗೆ ಜೋಡಿಸಿ, ಕೇಬಲ್ ಎಳೆದು, ಪರೀಕ್ಷಿಸಿ ಕಳುಹಿಸುತ್ತಿದ್ದರು.

ಎರಡನೆಯದು ಫ್ಲೆಕ್ಸ್‌ಪಾಡ್. 2010ರಲ್ಲಿ ಸಿಸ್ಕೊ ಮತ್ತು ನೆಟ್‌ಆ್ಯಪ್ ಹೊರತಂದ ಇದು ಸಿದ್ಧ ಪೆಟ್ಟಿಗೆಯಲ್ಲ, ಪರೀಕ್ಷಿಸಿದ ವಿನ್ಯಾಸ. ಯಾವ ಸರ್ವರ್, ಯಾವ ಸ್ವಿಚ್, ಯಾವ ಸ್ಟೋರೇಜ್, ಯಾವ ಆವೃತ್ತಿ, ಹೇಗೆ ಜೋಡಿಸಬೇಕು ಎಂಬುದನ್ನು ಕಂಪನಿಗಳು ದಾಖಲೆಯಾಗಿ ಪ್ರಕಟಿಸುತ್ತವೆ. ಅದರಂತೆ ಕಟ್ಟಿಕೊಡುವುದು ಸಾಮಾನ್ಯವಾಗಿ ಮಾರಾಟ ಪಾಲುದಾರರ ಕೆಲಸ.

ಮೂರನೆಯದು ಹೈಪರ್‌ಕನ್ವರ್ಜ್ಡ್ ಮಾದರಿ. 2009ರಲ್ಲಿ ಆರಂಭವಾದ ನ್ಯೂಟಾನಿಕ್ಸ್ ಈ ದಾರಿಯಲ್ಲಿ ಮೊದಲಿಗರಲ್ಲಿ ಒಂದು. 2014ರಲ್ಲಿ ವಿಎಂವೇರ್‌ನ ವಿಸ್ಯಾನ್ ತಂತ್ರಾಂಶ ಬಂತು, 2016ರಲ್ಲಿ ಅದರ ಮೇಲೆ ಕಟ್ಟಿದ ವಿಎಕ್ಸ್‌ರೈಲ್ ಬಂತು. ಇದರಲ್ಲಿ ಪ್ರತ್ಯೇಕ ಸ್ಟೋರೇಜ್ ಪೆಟ್ಟಿಗೆಯೇ ಇಲ್ಲ. ನೋಡ್ ಎಂದು ಕರೆಯುವ ಪ್ರತಿ ಸರ್ವರ್‌ನಲ್ಲೂ ಪ್ರೊಸೆಸರ್ ಮತ್ತು ಡಿಸ್ಕ್ ಎರಡೂ ಇರುತ್ತವೆ. ಎಲ್ಲ ನೋಡ್‌ಗಳ ಡಿಸ್ಕ್‌ಗಳನ್ನು ತಂತ್ರಾಂಶ ಸೇರಿಸಿ ಒಂದೇ ಸಂಗ್ರಹವಾಗಿ ತೋರಿಸುತ್ತದೆ. ಒಂದು ನೋಡ್ ಕೆಟ್ಟರೂ ದತ್ತಾಂಶ ಉಳಿಯಲೆಂದು ಪ್ರತಿಯೊಂದನ್ನೂ ಬೇರೆ ಬೇರೆ ನೋಡ್‌ಗಳಲ್ಲಿ ಎರಡು ಅಥವಾ ಮೂರು ಪ್ರತಿ ಇಡುತ್ತದೆ.

ಮೊದಲ ಅವಧಿ

ಕಪ್ಪುಹಲಗೆಯ ಮೇಲೆ ಮೂರು ಅಂಕಣ, ಹನ್ನೆರಡು ಸಾಲುಗಳ ಕೋಷ್ಟಕ ಬರೆದೆ. ಆರಂಭವಾದ ವರ್ಷ, ಸರ್ವರ್, ಸ್ವಿಚ್, ಸ್ಟೋರೇಜ್, ತಂತ್ರಾಂಶ, ಹೀಗೆ. ವಿದ್ಯಾರ್ಥಿಗಳು ಮೌನವಾಗಿ ಬರೆದುಕೊಂಡರು. ಕೊನೆಯ ಐದು ನಿಮಿಷ ಉಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಇದರಲ್ಲಿ ಯಾವುದು ಬೆಸ್ಟ್?"

ನಾನು "ಅದು ಅವಶ್ಯಕತೆ ಮೇಲೆ ಹೋಗುತ್ತೆ" ಎಂದೆ. ಅವನು ಕುಳಿತುಕೊಂಡ. ಉತ್ತರ ತಪ್ಪಲ್ಲ, ಆದರೆ ಅದರಿಂದ ಅವನಿಗೆ ಸಿಕ್ಕಿದ್ದೇನೂ ಇಲ್ಲ. ಯಾವ ಅವಶ್ಯಕತೆ, ಅದು ಹೇಗೆ ಆಯ್ಕೆಯನ್ನು ಬದಲಿಸುತ್ತದೆ ಎಂಬುದು ನನ್ನ ಕೋಷ್ಟಕದ ಹನ್ನೆರಡು ಸಾಲುಗಳಲ್ಲಿ ಎಲ್ಲೂ ಇರಲಿಲ್ಲ.

ಪಾಠ ವೀಕ್ಷಿಸಿದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಹಿಮ್ಮಾಹಿತಿ ಕೊಡುವಾಗ ಹೇಳಿದ್ದು ಇಷ್ಟು: "ನೋಡಮ್ಮ, ಕೋಷ್ಟಕ ನೀನು ತುಂಬಿಸಿದೆ, ಮಕ್ಕಳು ಏನನ್ನೂ ಹೋಲಿಸಲಿಲ್ಲ. ಯಾವುದರಿಂದ ಅಳೆಯಬೇಕು ಅಂತ ಮೊದಲು ಅವರ ಬಾಯಿಂದ ಬರಲಿ." ವೀಕ್ಷಣಾ ಪುಸ್ತಕದಲ್ಲಿ 'ವಿಷಯ ಜ್ಞಾನ' ಎದುರು ಒಳ್ಳೆಯ ದರ್ಜೆ ಇತ್ತು, 'ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ' ಎದುರು ಕನಿಷ್ಠ ದರ್ಜೆ. ಆ ರಾತ್ರಿ ಎರಡನೆಯ ಅವಧಿಯ ಯೋಜನೆಯನ್ನು ಪೂರ್ತಿ ಹೊಸದಾಗಿ ಬರೆದೆ.

ಎರಡನೆಯ ಅವಧಿ

ಈ ಬಾರಿ ಸರ್ವರ್ ಕೊಠಡಿಯ ಆ ರಾತ್ರಿಯ ಘಟನೆಯಿಂದಲೇ ಪ್ರಾರಂಭಿಸಿದೆ. ನಂತರ ಕೇಳಿದೆ: "ನಿಮ್ಮ ಮನೆಯ ಮದುವೆಗೆ ಅಡುಗೆ ಭಟ್ಟರು, ಶಾಮಿಯಾನ, ವಾಲಗ, ಪಾತ್ರೆ ಬೇರೆ ಬೇರೆ ಕಡೆ ಹೇಳಿದ್ದೀರಿ. ಊಟ ತಡವಾಯಿತು. ಯಾರನ್ನು ಕೇಳುತ್ತೀರಿ?" ತರಗತಿಗೆ ಜೀವ ಬಂತು. ಭಟ್ಟರು ಗ್ಯಾಸ್ ಬರಲಿಲ್ಲ ಅಂತಾರೆ, ಗ್ಯಾಸಿನವರು ವಿಳಾಸ ತಪ್ಪಿತ್ತು ಅಂತಾರೆ ಎಂದು ಅವರೇ ಹೇಳಿದರು. ಛತ್ರದವರೇ ಎಲ್ಲ ಒಪ್ಪಿಕೊಂಡರೆ ಒಬ್ಬರನ್ನೇ ಕೇಳಬಹುದು, ಆದರೆ ಅವರು ಹೇಳಿದ್ದೇ ಅಡುಗೆ ಎಂದಳು ಒಬ್ಬ ಹುಡುಗಿ. ಈ ಎರಡು ಮಾತುಗಳಿಂದ ನಾಲ್ಕು ಪ್ರಶ್ನೆಗಳನ್ನು ತರಗತಿಯೇ ರೂಪಿಸುವಂತೆ ಮಾಡಲು ಸಾಧ್ಯವಾಯಿತು.

1. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ವಿಬ್ಲಾಕ್‌ನಲ್ಲಿ ಒಂದೇ ಕಡೆ. ಫ್ಲೆಕ್ಸ್‌ಪಾಡ್‌ನಲ್ಲಿ ಕಂಪನಿಗಳು ಎರಡು, ಆದರೆ ದೂರುಗಳನ್ನು ಒಟ್ಟಾಗಿ ನೋಡುವ ಒಪ್ಪಂದ ಅವುಗಳ ನಡುವೆ ಇದೆ. ಹೈಪರ್‌ಕನ್ವರ್ಜ್ಡ್‌ನಲ್ಲಿ ಯಂತ್ರವೂ ತಂತ್ರಾಂಶವೂ ಒಂದೇ ಕಡೆಯಿಂದ ಕೊಂಡಿದ್ದರೆ ಒಂದೇ ಕಡೆ. ಬೇರೆ ಬೇರೆ ಕಡೆಯಿಂದ ಕೊಂಡಿದ್ದರೆ ಹಳೆಯ ಕಥೆ ಮರುಕಳಿಸಬಹುದು.

2. ಆವೃತ್ತಿ ಬದಲಿಸುವಾಗ ಹೊಂದಾಣಿಕೆಯನ್ನು ಯಾರು ಪರೀಕ್ಷಿಸಿರುತ್ತಾರೆ? ವಿಬ್ಲಾಕ್‌ಗೆ ಎಲ್ಲ ಭಾಗಗಳ ಆವೃತ್ತಿಗಳನ್ನು ಒಟ್ಟಿಗೆ ಪರೀಕ್ಷಿಸಿದ ಪಟ್ಟಿ ಬರುತ್ತಿತ್ತು. ನಿಶ್ಚಿಂತೆ ಹೆಚ್ಚು, ಆದರೆ ಪಟ್ಟಿ ಬರುವವರೆಗೆ ಕಾಯಬೇಕು. ಫ್ಲೆಕ್ಸ್‌ಪಾಡ್‌ನಲ್ಲಿ ಹೊಂದಾಣಿಕೆ ಪಟ್ಟಿ ಪ್ರಕಟವಾಗಿರುತ್ತದೆ, ಅದನ್ನು ಓದಿ ಅನುಸರಿಸುವ ಹೊಣೆ ಕೊಂಡವರದು. ಸ್ವಾತಂತ್ರ್ಯದ ಜೊತೆ ಕೆಲಸವೂ ಬರುತ್ತದೆ.

3. ಒಂದೇ ಭಾಗ ಬೆಳೆದರೆ ಏನೇನು ಕೊಳ್ಳಬೇಕು? ಇದಕ್ಕೆ ಲೆಕ್ಕ ಬೇಕಾಯಿತು. ಅದನ್ನು ಮುಂದೆ ಕೊಟ್ಟಿದ್ದೇನೆ.

4. ಐದು ವರ್ಷದ ನಂತರ ಈ ಕಂಪನಿಗಳ ಸಂಬಂಧ ಹೀಗೇ ಇರುತ್ತದೆಯೇ? ವಿಸಿಇ 2014ರಲ್ಲಿ ಇಎಂಸಿಯ ಹಿಡಿತಕ್ಕೆ ಹೋಯಿತು. 2016ರಲ್ಲಿ ಇಎಂಸಿಯನ್ನೇ ಡೆಲ್ ಕೊಂಡುಕೊಂಡಿತು. ಡೆಲ್ ಸ್ವತಃ ಸರ್ವರ್ ಮಾಡುವ ಕಂಪನಿ, ಸಿಸ್ಕೊಗೆ ಪ್ರತಿಸ್ಪರ್ಧಿ. 2023ರಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಪಾಲಾಯಿತು. ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಇಂದು ಒಂದೇ ಪೆಟ್ಟಿಗೆಯೊಳಗಿರುವ ಕಂಪನಿಗಳು ನಾಳೆ ಎದುರಾಳಿಗಳಾಗಬಹುದು ಎಂಬುದನ್ನು ವಿದ್ಯಾರ್ಥಿಗಳು ಈ ವರ್ಷಗಳ ಸಾಲಿನಿಂದಲೇ ಕಂಡುಕೊಂಡರು.

ಮಧ್ಯದಲ್ಲಿ ಹೋಲಿಕೆಯ ಮಿತಿಯನ್ನೂ ಹೇಳಬೇಕಾಯಿತು. ಮದುವೆ ಒಂದು ದಿನದ್ದು, ಡೇಟಾ ಸೆಂಟರ್ ವರ್ಷಗಟ್ಟಲೆ ಬೆಳೆಯುವಂಥದ್ದು. ಮೂರನೆಯ ಪ್ರಶ್ನೆಗೆ ಮದುವೆಯ ಹೋಲಿಕೆ ಉಪಯೋಗಕ್ಕೆ ಬರುವುದಿಲ್ಲ ಎಂದು ಹೇಳಿ ಅದನ್ನು ಅಲ್ಲಿಗೇ ಬಿಟ್ಟೆ.

ಕಪ್ಪುಹಲಗೆಯ ಲೆಕ್ಕ

ಒಂದು ಕಲ್ಪಿತ ಸಂಸ್ಥೆ. ಇಂದು ಬೇಕಾದ ಸಂಗ್ರಹ 8 ಟಿಬಿ. ಮುಂದಿನ ವರ್ಷ ಕಡತಗಳೆಲ್ಲ ಸ್ಕ್ಯಾನ್ ಆಗಿ 16 ಟಿಬಿ ಬೇಕು. ಸಿಬ್ಬಂದಿ ಹೆಚ್ಚುವುದಿಲ್ಲ, ಆದ್ದರಿಂದ ಪ್ರೊಸೆಸರ್ ಸಾಮರ್ಥ್ಯ ಈಗಿನಷ್ಟೇ ಸಾಕು. ಹೈಪರ್‌ಕನ್ವರ್ಜ್ಡ್ ವ್ಯವಸ್ಥೆಯಲ್ಲಿ ಒಂದು ನೋಡ್‌ಗೆ 10 ಟಿಬಿ ಡಿಸ್ಕ್, ದತ್ತಾಂಶಕ್ಕೆ ಎರಡು ಪ್ರತಿ ಎಂದಿಟ್ಟುಕೊಂಡೆವು.

ಮೂರು ನೋಡ್‌ಗಳಲ್ಲಿ ಒಟ್ಟು 30 ಟಿಬಿ. ಎರಡು ಪ್ರತಿ ಇಡುವುದರಿಂದ ಬಳಕೆಗೆ 15 ಟಿಬಿ. ಆದರೆ ಒಂದು ನೋಡ್ ಕೆಟ್ಟಾಗ ಅದರಲ್ಲಿದ್ದ ಪ್ರತಿಗಳನ್ನು ಉಳಿದವುಗಳಲ್ಲಿ ಮತ್ತೆ ಬರೆಯಲು ಜಾಗ ಬೇಕು. ಉಳಿದ ಎರಡು ನೋಡ್‌ಗಳ 20 ಟಿಬಿಯಲ್ಲಿ ಅರ್ಧ ಎಂದರೆ 10 ಟಿಬಿ. ಇಂದಿನ 8 ಟಿಬಿಗೆ ಸಾಕು. ಮುಂದಿನ ವರ್ಷಕ್ಕೆ ನಾಲ್ಕು ನೋಡ್ ಮಾಡಿದರೆ, ಒಂದನ್ನು ಬಿಟ್ಟು 30ರ ಅರ್ಧ 15 ಟಿಬಿ, ಸಾಲದು. ಐದು ನೋಡ್ ಆದರೆ 40ರ ಅರ್ಧ 20 ಟಿಬಿ, ಸಾಕು. ಅಂದರೆ ಡಿಸ್ಕ್‌ಗಾಗಿ ಎರಡು ಪೂರ್ತಿ ನೋಡ್ ಕೊಳ್ಳಬೇಕು. ಬೇಡದ ಪ್ರೊಸೆಸರ್, ಮೆಮೊರಿ, ಅವುಗಳ ತಂತ್ರಾಂಶ ಪರವಾನಗಿ ಎಲ್ಲವೂ ಜೊತೆಗೆ ಬರುತ್ತವೆ. ವಿಬ್ಲಾಕ್ ಅಥವಾ ಫ್ಲೆಕ್ಸ್‌ಪಾಡ್ ಆಗಿದ್ದರೆ ಸ್ಟೋರೇಜ್‌ಗೆ ಡಿಸ್ಕ್‌ಗಳನ್ನಷ್ಟೇ ಸೇರಿಸಿದರೆ ಸಾಕಿತ್ತು.

"ಹಾಗಾದರೆ ಹೈಪರ್‌ಕನ್ವರ್ಜ್ಡ್ ದಂಡ ಅಲ್ವಾ ಮೇಡಂ?" ಎಂಬ ಪ್ರಶ್ನೆ ತಕ್ಷಣ ಬಂತು. ಸಂಸ್ಥೆಯ ವಿವರವನ್ನು ಬದಲಿಸಿ ಕೊಟ್ಟೆ. ಪ್ರತಿ ವರ್ಷ ಹೊಸ ಶಾಖೆ, ಪ್ರತಿ ಶಾಖೆಗೂ ಜನವೂ ದತ್ತಾಂಶವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ, ಸ್ಟೋರೇಜ್ ಬಲ್ಲ ತಜ್ಞರು ಸಂಸ್ಥೆಯಲ್ಲಿಲ್ಲ. ಈಗ ಗುಂಪುಗಳು ತಾವೇ ಚರ್ಚಿಸಿ, ನೋಡ್ ಒಂದೊಂದಾಗಿ ಸೇರಿಸುವುದೇ ಅನುಕೂಲ ಎಂದು ತೀರ್ಮಾನಿಸಿದವು. ಡಿಸ್ಕ್ ಹೆಚ್ಚಿರುವ ನೋಡ್‌ಗಳೂ ಮಾರುಕಟ್ಟೆಯಲ್ಲಿವೆ, ಹಾಗಾಗಿ ನಮ್ಮ ಲೆಕ್ಕ ಸರಳಗೊಳಿಸಿದ್ದು ಎಂದೂ ಸ್ಪಷ್ಟಪಡಿಸಿದೆ.

ಮೌಲ್ಯಮಾಪನ

ಕೊನೆಯ ಹತ್ತು ನಿಮಿಷ ಒಂದೇ ಪ್ರಶ್ನೆ ಕೊಟ್ಟೆ: ನಿಮ್ಮ ಕಾಲೇಜಿಗೆ ಯಾವ ವ್ಯವಸ್ಥೆ ಸೂಕ್ತ? ನಾಲ್ಕು ಪ್ರಶ್ನೆಗಳನ್ನು ಬಳಸಿ ಕಾರಣ ಬರೆಯಿರಿ. ಆರು ಗುಂಪುಗಳಲ್ಲಿ ಎರಡು ಹೈಪರ್‌ಕನ್ವರ್ಜ್ಡ್ ಎಂದು ಬರೆದವು, ಒಂದು ಫ್ಲೆಕ್ಸ್‌ಪಾಡ್ ಎಂದಿತು. ಉಳಿದ ಮೂರು ಗುಂಪುಗಳು 'ಯಾವುದೂ ಬೇಡ' ಎಂದು ಬರೆದಿದ್ದವು. ಕಾಲೇಜಿನಲ್ಲಿರುವುದು ಒಂದು ಪ್ರಯೋಗಾಲಯ, ಕಚೇರಿಯ ನಾಲ್ಕು ಕಂಪ್ಯೂಟರ್. ಒಂದು ಸಾಧಾರಣ ಸರ್ವರ್ ಮತ್ತು ದಿನಾ ತಪ್ಪದ ಬ್ಯಾಕಪ್ ಇದ್ದರೆ ಸಾಕು ಎಂಬುದು ಅವರ ವಾದ. ಅದರಲ್ಲೊಂದು ಗುಂಪಿನಲ್ಲಿ ಹಿಂದಿನ ದಿನ 'ಯಾವುದು ಬೆಸ್ಟ್' ಎಂದು ಕೇಳಿದ್ದ ಹುಡುಗನಿದ್ದ. ಈ ಉತ್ತರ ನನ್ನ ಯೋಜನೆಯ ನಿರೀಕ್ಷಿತ ಉತ್ತರಗಳಲ್ಲಿ ಇರಲಿಲ್ಲ. ಪೂರ್ಣ ಅಂಕ ಕೊಟ್ಟೆ.

ನಾನು ಕಲಿತದ್ದು

ಹೋಲಿಕೆಯ ಪಾಠ ಮಾಡುವವರಿಗೆ ನನ್ನ ಅನುಭವದಿಂದ ಮೂರು ಸೂಚನೆಗಳು. ಕೋಷ್ಟಕದ ಸಾಲುಗಳ ಶೀರ್ಷಿಕೆಯನ್ನು ಖಾಲಿ ಬಿಟ್ಟು ಪಾಠ ಪ್ರಾರಂಭಿಸಿ. ಯಾವುದರಿಂದ ಅಳೆಯಬೇಕು ಎಂಬುದು ವಿದ್ಯಾರ್ಥಿಗಳಿಂದ ಬರಲಿ. ಒಂದು ಮಾನದಂಡಕ್ಕಾದರೂ ಕೈಯಾರೆ ಮಾಡುವ ಲೆಕ್ಕ ಇರಲಿ; ಸಂಖ್ಯೆ ಬದಲಾದರೆ ಆಯ್ಕೆಯೂ ಬದಲಾಗುವುದನ್ನು ಅವರೇ ನೋಡಲಿ. 'ಇವುಗಳಲ್ಲಿ ಯಾವುದೂ ಬೇಡ' ಎಂಬ ಉತ್ತರಕ್ಕೆ ಮೌಲ್ಯಮಾಪನದಲ್ಲಿ ಜಾಗ ಇಡಿ.

ಸಮಯ ಪಾಲನೆಯಲ್ಲಿ ಈ ಬಾರಿಯೂ ಎಡವಿದೆ. ನಾಲ್ಕನೆಯ ಪ್ರಶ್ನೆಯ ಚರ್ಚೆ ಆತುರದಲ್ಲಿ ಮುಗಿಯಿತು. ಇದೇ ಪಾಠವನ್ನು ಮತ್ತೆ ಮಾಡುವುದಾದರೆ ಮೂರು ಅವಧಿಗಳಿಗೆ ಯೋಜಿಸುತ್ತೇನೆ, ಲೆಕ್ಕಕ್ಕೇ ಒಂದು ಅವಧಿ ಮೀಸಲಿಡುತ್ತೇನೆ.