ಮುಖ್ಯಾಂಶಗಳು: ಅರಬ್ ಪರಂಪರೆ, ಅರಬ್ಬೀ ಬೋಧನೆ, ಸ್ತ್ರೀಶಿಕ್ಷಣ (ಹಾಸನ ಮತ್ತು ಕರ್ನಾಟಕ)

ಪಾಳ್ಯ–ಸಕಲೇಶಪುರ
• ಪಾಳ್ಯ: ಹಾಸನ ಜಿಲ್ಲೆ, ಆಲೂರು ತಾಲ್ಲೂಕಿನ ಹೋಬಳಿ, ರಾಷ್ಟ್ರೀಯ ಹೆದ್ದಾರಿ 75
• ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು: ಮಂಜರಾಬಾದ್
• ಅರಬ್ ನಂಟು: ಕಾಫಿ. ಪ್ರತೀತಿಯಂತೆ 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನ ಮೋಖಾದಿಂದ ತಂದ 7 ಬೀಜಗಳು

ಹೊನ್ನಾವರದ ಬಾಲಕಿಯರ ಶಾಲೆಗಳು (ಅತಿ ಮುಖ್ಯ)
• ದಾಖಲಿಸಿದವನು: ಇಬ್ನ್ ಬತೂತ, ಜನನ 1304, ಟಾಂಜಿಯರ್, ಮೊರಾಕ್ಕೊ
• ಕೃತಿ: ‘ರಿಹ್ಲಾ’, ಭಾಷೆ ಅರಬ್ಬೀ, ಪೂರ್ಣಗೊಂಡದ್ದು 1355, ಲಿಪಿಕಾರ ಇಬ್ನ್ ಜುಝೈ
• ಕೃತಿಯಲ್ಲಿ ಹೊನ್ನಾವರದ ಹೆಸರು: ಹಿನೌರ್
• ಆಗಿನ ಸುಲ್ತಾನ: ಜಮಾಲುದ್ದೀನ್ ಮುಹಮ್ಮದ್
• ಬಾಲಕಿಯರ ಶಾಲೆಗಳು 13; ಬಾಲಕರ ಶಾಲೆಗಳು 23 (ಅದಲುಬದಲಾಗಬಾರದು)
• ಪಟ್ಟಣದ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠ. ಇಂಥ ಶಾಲೆಗಳನ್ನು ಬೇರೆಲ್ಲೂ ಕಂಡಿಲ್ಲವೆಂಬ ಪ್ರವಾಸಿಯ ಹೇಳಿಕೆ
• ಸ್ತ್ರೀಶಿಕ್ಷಣವನ್ನು 19ನೇ ಶತಮಾನದ ಮಿಷನರಿ ಶಾಲೆಗಳಿಂದಲೇ ಆರಂಭಿಸುವ ಟಿಪ್ಪಣಿಗಳಲ್ಲಿ ಬಿಟ್ಟುಹೋಗುವ ಅಂಶ, ಬಿಡತಕ್ಕದ್ದಲ್ಲ
• ಹಾಸನದ ಕೊಂಡಿ: ಹೊಯ್ಸಳ ದೊರೆ 3ನೇ ವೀರಬಲ್ಲಾಳನ ಅಂತ್ಯ (1342, ಮಧುರೆ ಸುಲ್ತಾನ ಘಿಯಾಸುದ್ದೀನ್ ದಮ್ಘಾನಿಯಿಂದ); ವಿವರ ಇದೇ ಕೃತಿಯಲ್ಲಿ

ಅರಬ್ಬೀ ಬೋಧನೆ
• ಬೀದರ್: ಮಹಮೂದ್ ಗವಾನ್ ಮದರಸಾ, 1472, ಮೂರು ಅಂತಸ್ತು, ಗವಾನನ ಮರಣದಂಡನೆ 1481
• ಭಟ್ಕಳ: ಅರಬ್ ವರ್ತಕರ ಮೂಲ ಹೇಳಿಕೊಳ್ಳುವ ನವಾಯತ ಸಮುದಾಯ, ನವಾಯತಿ ನುಡಿ ಕೊಂಕಣಿಗೆ ಹತ್ತಿರ, ಲಿಪಿ ಪರ್ಷಿಯನ್–ಅರಬ್ಬೀ
• ಭಟ್ಕಳದ ಸಂಸ್ಥೆಗಳು: ಅಂಜುಮನ್ ಹಾಮಿ ಎ ಮುಸ್ಲಿಮೀನ್ (1919), ಜಾಮಿಯಾ ಇಸ್ಲಾಮಿಯಾ (1962)
• ಕರ್ನಾಟಕ ಎಸ್‌ಎಸ್‌ಎಲ್‌ಸಿ: ತೃತೀಯ ಭಾಷೆಗಳ ಪಟ್ಟಿಯಲ್ಲಿ ಅರಬ್ಬೀ
• ವಿಶ್ವ ಅರಬ್ಬೀ ಭಾಷಾ ದಿನ: ಡಿಸೆಂಬರ್ 18, ಯುನೆಸ್ಕೊ ಆಚರಣೆ 2012ರಿಂದ, ಹಿನ್ನೆಲೆ: 1973ರಲ್ಲಿ ವಿಶ್ವಸಂಸ್ಥೆ ಮಹಾಸಭೆಯ 6ನೇ ಅಧಿಕೃತ ಭಾಷೆ
• ಫೆಜ್ (ಮೊರಾಕ್ಕೊ), ಅಲ್ ಖರವಿಯ್ಯೀನ್, 859: ಸಂಪ್ರದಾಯದಂತೆ ಸ್ಥಾಪಕಿ ಫಾತಿಮಾ ಅಲ್ ಫಿಹ್ರಿ

ಕಾಸರಗೋಡು: ಸಾರಾ ಅಬೂಬಕ್ಕರ್ (1936–2023)
• ಊರಿನ ಮುಸ್ಲಿಂ ಸಮುದಾಯದಲ್ಲಿ ಶಾಲಾ ಶಿಕ್ಷಣ ಪಡೆದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು, ಕಲಿಕೆ ಕನ್ನಡದಲ್ಲಿ
• ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’; ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿ

ಹಾಸನ: ಬಾನು ಮುಷ್ತಾಕ್
• ಜನನ 1948, ಹಾಸನ. ವಕೀಲೆ, ಪತ್ರಕರ್ತೆ, ಬಂಡಾಯ ಸಾಹಿತ್ಯದ ಕಥೆಗಾರ್ತಿ
• 8ನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆ. ಷರತ್ತು: 6 ತಿಂಗಳಲ್ಲಿ ಕನ್ನಡ ಓದು–ಬರಹ. ಮನೆಮಾತು ಉರ್ದುವಾಗಿದ್ದರೂ ಕಲಿಕೆ ಕೆಲವೇ ದಿನಗಳಲ್ಲಿ
• ‘ಕರಿ ನಾಗರಗಳು’ ಕಥೆ ಆಧಾರಿತ ಚಿತ್ರ: ‘ಹಸೀನಾ’ (2004), ನಿರ್ದೇಶಕ ಗಿರೀಶ್ ಕಾಸರವಳ್ಳಿ, ತಾರಾಗೆ ರಾಷ್ಟ್ರೀಯ ಶ್ರೇಷ್ಠ ನಟಿ ಪ್ರಶಸ್ತಿ
• ‘ಹಾರ್ಟ್ ಲ್ಯಾಂಪ್’: 12 ಕಥೆಗಳು, ಅನುವಾದ ದೀಪಾ ಭಾಸ್ತಿ (ಮಡಿಕೇರಿ), ಇಂಗ್ಲಿಷ್ ಪಠ್ಯದಲ್ಲೂ ಕನ್ನಡ, ಉರ್ದು, ಅರಬ್ಬೀ ಪದಗಳು ಓರೆ ಅಕ್ಷರವಿಲ್ಲದೆ ಯಥಾವತ್
• ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ: 20 ಮೇ 2025, ಲಂಡನ್, ಮೊತ್ತ 50,000 ಪೌಂಡ್, ಲೇಖಕಿ–ಅನುವಾದಕಿಗೆ ಸಮಪಾಲು
• ಎರಡು ಪ್ರಥಮಗಳು: ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ, ಮೊದಲ ಸಣ್ಣಕಥಾ ಸಂಕಲನ
• ಭಾರತದ ಹಿಂದಿನ ವಿಜೇತೆ: ಗೀತಾಂಜಲಿ ಶ್ರೀ (2022, ಹಿಂದಿ)
• ಮೈಸೂರು ದಸರಾ 2025ರ ಉದ್ಘಾಟಕಿ
• ಬೂಕರ್ ಪ್ರಶಸ್ತಿ ಬೇರೆ, ಅಂತರರಾಷ್ಟ್ರೀಯ ಬೂಕರ್ ಬೇರೆ. ಉತ್ತರದಲ್ಲಿ ಪೂರ್ಣ ಹೆಸರು ಬರೆಯಿರಿ