ಆರೋಗ್ಯ ಪ್ರಶ್ನೋತ್ತರ: ‘ವಯಸ್ಸಾಯಿತಲ್ಲ’ ಎಂದು ಕೈಬಿಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲಿರುವ ಹಿರಿಯರ ಬಗ್ಗೆ. ಹಾಗಾಗಿ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮತ್ತೆಗೆ 81 ವರ್ಷ. ಬಿಪಿ, ಶುಗರ್, ಮಂಡಿನೋವು ಇವೆ. ಹೃದಯಕ್ಕೆ ಒಬ್ಬರು, ಶುಗರ್‌ಗೆ ಒಬ್ಬರು, ಮೂಳೆಗೆ ಒಬ್ಬರು, ತಲೆಸುತ್ತಿಗೆ ಕಿವಿ-ಮೂಗು-ಗಂಟಲಿನ ಡಾಕ್ಟರು, ಹೀಗೆ ನಾಲ್ವರಿಗೆ ತೋರಿಸುತ್ತಿದ್ದೇವೆ. ದಿನಕ್ಕೆ 13 ಮಾತ್ರೆ. ಪಟ್ಟಿ ಜೊತೆಗಿಟ್ಟಿದ್ದೇನೆ. ಒಂದು ವರ್ಷದಲ್ಲಿ ತೂಕ 52 ಕೆ.ಜಿ.ಯಿಂದ 46ಕ್ಕೆ ಇಳಿದಿದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದರು. ರಿಪೋರ್ಟೆಲ್ಲ ಪರವಾಗಿಲ್ಲ, ವಯಸ್ಸಾಯಿತಲ್ಲ ಎನ್ನುತ್ತಾರೆ. ಇನ್ನೊಬ್ಬ ಸ್ಪೆಷಲಿಸ್ಟ್‌ಗೆ ತೋರಿಸಬೇಕೆ?
– ಓದುಗರು, ಸಾಗರ

ಉತ್ತರ: ಐದನೆಯವರು ಬೇಡ. ನಾಲ್ವರಲ್ಲಿ ಒಬ್ಬರು, ಅಥವಾ ನಿಮ್ಮ ಮನೆಯವರನ್ನು ಬಹುಕಾಲದಿಂದ ಬಲ್ಲ ಫ್ಯಾಮಿಲಿ ಡಾಕ್ಟರು, ಹದಿಮೂರೂ ಮಾತ್ರೆಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು ನಿಮ್ಮತ್ತೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡಬೇಕು. ಈಗ ಅವರಿಗೆ ಬೇಕಾಗಿರುವುದು ಅದೊಂದೇ.

ನಿಮ್ಮ ಪಟ್ಟಿ ಓದುತ್ತಾ ಹೋದಂತೆ ಒಂದು ಮಾತ್ರೆಯ ಹಿಂದೆ ಇನ್ನೊಂದು ಹೇಗೆ ಬಂದಿರಬಹುದು ಎಂಬುದು ಕಾಣುತ್ತದೆ. ಬಿಪಿಗೆ ಆಮ್ಲೋಡಿಪಿನ್ ಇದೆ. ಪಾದ ಊದುವುದು ಇದರ ಗೊತ್ತಿರುವ ಅಡ್ಡಪರಿಣಾಮ. ಊತ ಇಳಿಯಲಿ ಎಂದು ಮೂತ್ರ ಹೆಚ್ಚಿಸುವ ಮಾತ್ರೆ ಬಂತು. ಅದರಿಂದ ರಾತ್ರಿ ಮೂರ್ನಾಲ್ಕು ಸಲ ಏಳುವುದಾಯಿತು. ನಿದ್ದೆ ಕೆಟ್ಟಿತೆಂದು ಕ್ಲೊನಜೆಪಾಮ್ ಸೇರಿತು. ಆ ಮಂಪರಿನಲ್ಲಿ ಎದ್ದರೆ ತಲೆಸುತ್ತು, ಅದಕ್ಕೆ ಸಿನ್ನರಿಜಿನ್. ಹಿರಿಯರು ಸಿನ್ನರಿಜಿನ್ ಅನ್ನು ತಿಂಗಳುಗಟ್ಟಲೆ ನುಂಗಿದರೆ ಕೈಕಾಲು ಬಿಗಿದು, ನಡಿಗೆ ನಿಧಾನವಾಗಿ, ಥೇಟ್ ಪಾರ್ಕಿನ್ಸನ್ ಕಾಯಿಲೆಯಂತೆ ಕಾಣಬಹುದು. ಹೀಗಿರುವಾಗ ರಾತ್ರಿ ಬಚ್ಚಲಿನ ದಾರಿಯಲ್ಲಿ ಬಿದ್ದರೆ ಅದು ಬರೀ ವಯಸ್ಸಿನ ದೋಷ ಹೇಗಾದೀತು? ನಾಲ್ವರು ವೈದ್ಯರೂ ತಮ್ಮ ಮುಂದೆ ಬಂದ ತೊಂದರೆಗೆ ಮದ್ದು ಕೊಟ್ಟರು. ಎಲ್ಲವನ್ನೂ ಕೂಡಿಸಿ ನೋಡುವವರು ಯಾರೂ ಇರಲಿಲ್ಲ.

ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕ್ಲೊನಜೆಪಾಮ್‌ನಂಥ ನಿದ್ದೆ ಮಾತ್ರೆಗಳನ್ನು ಹಠಾತ್ತನೆ ಬಿಟ್ಟರೆ ಅಪಾಯ, ವಾರಗಳ ಲೆಕ್ಕದಲ್ಲಿ ಇಳಿಸುತ್ತಾ ಬರಬೇಕು. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆ, ಆಯುರ್ವೇದದ ಪುಡಿ ಸೇರಿದಂತೆ, ಒಬ್ಬ ವೈದ್ಯರ ಬಳಿಗೆ ಒಯ್ಯಿರಿ. ಪ್ರತಿಯೊಂದಕ್ಕೂ ‘ಇದು ಈಗಲೂ ಬೇಕೆ?’ ಎಂದು ಕೇಳಿ. ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಒಂದು ಮತ್ತು ಮೂರನೇ ನಿಮಿಷಕ್ಕೆ ಇನ್ನೆರಡು ಸಲ ಬಿಪಿ ನೋಡಲು ಹೇಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬೀಳುವುದಕ್ಕೆ ಒಂದು ಕಾರಣ ಸಿಕ್ಕಂತೆ. ಕುಳಿತ ರೋಗಿಯ ಬಿಪಿ ಮಾತ್ರ ನೋಡಿದರೆ ಇದು ಎಂದೂ ಗೊತ್ತಾಗುವುದಿಲ್ಲ. ರಕ್ತದಲ್ಲಿ ಸೋಡಿಯಂ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಕಿಡ್ನಿಯ ಸ್ಥಿತಿ ನೋಡಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯೂ ನೋವಿನ ಮಾತ್ರೆಯೂ ಒಟ್ಟಿಗೆ ಸೇರಿದರೆ ಮುಪ್ಪಿನ ಕಿಡ್ನಿಗೆ ಭಾರ.

ಶುಗರ್ ವಿಷಯ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಎರಡು ತುತ್ತು ಉಂಡು ಸಾಕೆಂದರೆ ನಸುಕಿನಲ್ಲಿ ಶುಗರ್ ಕುಸಿಯಬಹುದು. ಹಿರಿಯರಲ್ಲಿ ಬೆವರು, ನಡುಕ ಕಾಣದೆ ಬರೀ ಗಲಿಬಿಲಿಯಾಗಿಯೇ ಅದು ಹೊರಬೀಳುವುದುಂಟು. ಇಷ್ಟು ಸೊರಗಿದ 81ರ ಹೆಂಗಸಿಗೆ ಎಚ್‌ಬಿಎ1ಸಿ 8ರ ಆಸುಪಾಸಿನಲ್ಲಿದ್ದರೂ ಸಾಕು. ನಲವತ್ತರ ಮಗನಿಗೆ ಇಟ್ಟುಕೊಳ್ಳುವ ಗುರಿ ಅವರಿಗೆ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ತೂಕದ್ದು. ವರ್ಷದಲ್ಲಿ ಆರು ಕೆ.ಜಿ., ಅಂದರೆ ದೇಹದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಪಥ್ಯ ಮಾಡದೆ ಇಷ್ಟು ಇಳಿದರೆ ಕಾರಣ ಹುಡುಕಲೇಬೇಕು. ಹಲ್ಲು, ನುಂಗುವಿಕೆ, ಥೈರಾಯ್ಡ್, ಖಿನ್ನತೆ, ಕ್ಷಯ, ಕ್ಯಾನ್ಸರ್, ಕೆಲವೊಮ್ಮೆ ಮಾತ್ರೆಗಳೇ. ವೃದ್ಧಾಪ್ಯದ ನಿತ್ರಾಣವನ್ನು ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಅಮೆರಿಕದ ಲಿಂಡಾ ಫ್ರೈಡ್ ಮತ್ತು ಸಂಗಡಿಗರು 2001ರಲ್ಲಿ ಅದಕ್ಕೆ ಐದು ಲಕ್ಷಣ ಗುರುತಿಸಿದರು: ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ಫ್ರೇಲ್ಟಿ; ಒಂದೆರಡಿದ್ದರೆ ಅದರ ಹೊಸ್ತಿಲು. ಇಂಥವರಿಗೆ ಒಂದು ಸಣ್ಣ ಜ್ವರ, ಒಂದು ಹೊಸ ಮಾತ್ರೆ ಸಾಕು, ಹಾಸಿಗೆ ಹಿಡಿಯಲು. ಹೊಸ್ತಿಲಲ್ಲಿದ್ದವರನ್ನು ಹಿಂದಕ್ಕೆ ಕರೆತರುವುದು ಸಾಧ್ಯ. ಹೊಸ್ತಿಲು ದಾಟಿದವರಲ್ಲೂ ಹಲವರು ಚೇತರಿಸಿಕೊಳ್ಳುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಬೀಳದಂತೆ ನೀವು ಪಕ್ಕದಲ್ಲೇ ಇರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಈ ಅಂಕಿಯನ್ನು ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿ. ನನಗಂತೂ ಎಷ್ಟೋ ರಕ್ತಪರೀಕ್ಷೆಗಳಿಗಿಂತ ಇದು ಹೆಚ್ಚು ತಿಳಿಸುತ್ತದೆ. ಬಚ್ಚಲ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಗೋಡೆಗೆ ಹಿಡಿ, ಜಾರುವ ಕಾಲೊರಸು ತೆಗೆಯುವುದು, ಹಾಸಿಗೆ ಪಕ್ಕ ಕಮೋಡ್ ಕುರ್ಚಿ. ಇಷ್ಟನ್ನು ಡಾಕ್ಟರ ಭೇಟಿಗೆ ಕಾಯದೆ ಇವತ್ತೇ ಮಾಡಿ.

ಪ್ರಶ್ನೆ: ನಮ್ಮ ತಂದೆ ನಿವೃತ್ತ ಮೇಷ್ಟ್ರು, 78 ವರ್ಷ. ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಮೂರನೇ ದಿನ ನನ್ನನ್ನೇ ಗುರುತಿಸಲಿಲ್ಲ, ಡ್ರಿಪ್ ಕಿತ್ತುಹಾಕಿದರು, ಸತ್ತುಹೋದ ಅಜ್ಜಿಯನ್ನು ಕರೆದರು. ಈಗ ಮನೆಗೆ ಬಂದಿದ್ದಾರೆ, ಸ್ವಲ್ಪ ಸರಿಯಾಗಿದ್ದಾರೆ. ಹೋಗುವ ಮುಂಚೆ ನಡೆದಾಡುತ್ತಿದ್ದವರಿಗೆ ಈಗ ಹಾಸಿಗೆಯಿಂದ ಏಳಲು ಆಗುತ್ತಿಲ್ಲ. ನೆಂಟರೆಲ್ಲ ‘ಪೂರ್ತಿ ರೆಸ್ಟ್ ಕೊಡಿ, ಗಂಜಿ ಕೊಡಿ’ ಎನ್ನುತ್ತಾರೆ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತೆ?
– ಓದುಗರು, ಶಿವಮೊಗ್ಗ

ಉತ್ತರ: ನೀವು ವಿವರಿಸಿದ್ದು ಡೆಲಿರಿಯಂ, ಹಿಂದಿನವರು ಸನ್ನಿ ಎನ್ನುತ್ತಿದ್ದುದು. ಮರೆವಿನ ಕಾಯಿಲೆ ವರ್ಷಗಳಲ್ಲಿ ನಿಧಾನವಾಗಿ ಏರುತ್ತದೆ. ಇದು ಗಂಟೆಗಳಲ್ಲಿ, ದಿನಗಳಲ್ಲಿ ಎರಗುತ್ತದೆ. ಸೋಂಕು, ಸೋಡಿಯಂ ಇಳಿಯುವುದು, ಮೂತ್ರ ಕಟ್ಟುವುದು, ಮಲಬದ್ಧತೆ, ನೋವು, ಮಂಪರಿನ ಮಾತ್ರೆ, ಯಾವುದೂ ಕಾರಣವಾಗಬಹುದು. ಮತ್ತೆ ಹಾಗಾದರೆ ಅದನ್ನು ತುರ್ತುಸ್ಥಿತಿ ಎಂದೇ ತಿಳಿದು ಆಸ್ಪತ್ರೆಗೆ ಒಯ್ಯಿರಿ. ಪೂರ್ತಿ ತಿಳಿಯಾಗಲು ಕೆಲವರಿಗೆ ವಾರಗಳೇ ಬೇಕು. ಮೂರು ತಿಂಗಳ ನಂತರವೂ ಮರೆವು ಉಳಿದಿದ್ದರೆ ಆಗ ನೆನಪಿನ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಆ ಹಣೆಪಟ್ಟಿ ಹಚ್ಚಬೇಡಿ. ಅವರ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಈಗ ಹತ್ತಿರದಲ್ಲೇ ಇರಲಿ. ಎದುರಿಗೆ ಗಡಿಯಾರ, ಕ್ಯಾಲೆಂಡರ್ ಇಡಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಆರಲಿ. ಆಸ್ಪತ್ರೆಯಲ್ಲಿ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಜೋಪಾನವೆಂದು ಮನೆಗೆ ಕಳಿಸಿಬಿಡುತ್ತಾರೆ. ಕಣ್ಣು ಕಾಣದೆ, ಕಿವಿ ಕೇಳದೆ, ಅಪರಿಚಿತ ಕೋಣೆಯಲ್ಲಿ ಮಲಗಿದ ಮುದುಕರ ದಿಗಿಲು ಎಂಥದೆಂದು ಯೋಚಿಸಿ.

ನೆಂಟರ ಸಲಹೆ ಪ್ರೀತಿಯದು, ಆದರೆ ಪಾಲಿಸಬೇಡಿ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕೆ.ಜಿ. ಮಾಂಸಖಂಡ ಕರಗಿತ್ತು. ನಿಮ್ಮ ತಂದೆಯವರಿಗೆ ಅದರ ಮೇಲೆ ನ್ಯುಮೋನಿಯಾ ಬೇರೆ. ಏಳಲು ಆಗದಿರುವುದಕ್ಕೆ ಮುಖ್ಯ ಕಾರಣ ಇದೇ ಇರಬೇಕು. ಇನ್ನಷ್ಟು ಮಲಗಿಸಿದರೆ ಇನ್ನಷ್ಟು ಕರಗುತ್ತದೆ.

ಮರಳಿ ಬರುತ್ತದೆಯೇ ಎಂದರೆ, ಬರುತ್ತದೆ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಅವರ ತಂಡ ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಕೆಲವೇ ಹಿರಿಯರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿತು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲೂ ಮಾಂಸಖಂಡ ದುಡಿಮೆಗೆ ಸ್ಪಂದಿಸುತ್ತದೆ ಎಂದು ಆ ಪುಟ್ಟ ಪ್ರಯೋಗ ತೋರಿಸಿಕೊಟ್ಟಿತು. ನಿಮ್ಮಪ್ಪನಿಗೆ ಇನ್ನೂ 78.

ಹೀಗೆ ಶುರುಮಾಡಿ. ಮೊದಲು ಊಟವನ್ನು ಹಾಸಿಗೆಯಲ್ಲಿ ಕೊಡುವುದು ನಿಲ್ಲಲಿ, ಕುರ್ಚಿಯಲ್ಲಿ ಕೂರಿಸಿ. ಕೈಯುಳ್ಳ ಗಟ್ಟಿ ಕುರ್ಚಿಯಿಂದ ಎದ್ದು ನಿಲ್ಲುವುದು, ಕೂರುವುದು. ಮೊದಲ ದಿನ ಎರಡು ಸಲವಾದರೂ ಸಾಕು, ದಿನಕ್ಕೆ ಮೂರು ಹೊತ್ತು. ಐದಕ್ಕೆ, ಆಮೇಲೆ ಹತ್ತಕ್ಕೆ ಏರಿಸಿ. ಬಳಿಕ ಜಗುಲಿಯವರೆಗೆ, ಅಂಗಳದವರೆಗೆ. ಫಿಸಿಯೋಥೆರಪಿಸ್ಟ್ ಒಮ್ಮೆ ಬಂದು ತೋರಿಸಿಕೊಟ್ಟರೆ ಉತ್ತಮ. ಎದೆನೋವು, ವಿಪರೀತ ಉಬ್ಬಸ ಬಂದರೆ ನಿಲ್ಲಿಸಿ.

ಇನ್ನು ಗಂಜಿ. ತೆಳು ಗಂಜಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಕಾಯಿಲೆಯಿಂದ ಎದ್ದ ಹಿರಿಯರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1.2 ಗ್ರಾಂನಷ್ಟಾದರೂ ಪ್ರೋಟೀನು ಬೇಕು; 60 ಕೆ.ಜಿ.ಯವರಿಗೆ ದಿನಕ್ಕೆ 72 ಗ್ರಾಂ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಆರೇಳು, ಒಂದು ಹಿಡಿ ಕಡಲೇಕಾಯಿಯಲ್ಲಿ ಏಳೆಂಟು. ಮೊಟ್ಟೆ ತಿನ್ನದ ಮನೆಯಾದರೆ ಹುರುಳಿಕಟ್ಟಿನ ಸಾರಿನ ಬದಲು ಹುರುಳಿಯನ್ನೇ ಅರೆದು ಹಾಕಿ, ಹೆಸರುಬೇಳೆಯನ್ನು ಗಟ್ಟಿ ತೊವ್ವೆ ಮಾಡಿ, ರಾಗಿಯನ್ನು ಹಾಲಿನಲ್ಲಿ ಕುದಿಸಿ, ಪುಟಾಣಿ ಪುಡಿ ಬೆರೆಸಿ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ನುಂಗುವಾಗ ಕೆಮ್ಮು ಬಂದರೆ ಕೂಡಲೇ ತಿಳಿಸಿ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮರುಕಳಿಸಬಹುದು. ಚೇತರಿಸಿಕೊಂಡ ಮೇಲೆ ಪ್ರತಿವರ್ಷದ ಫ್ಲೂ ಲಸಿಕೆ ಮತ್ತು ನ್ಯುಮೋಕಾಕಲ್ ಲಸಿಕೆ ಹಾಕಿಸಿ.

ಆಸ್ಪತ್ರೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ, ಗುಣವಾಗದವರೆಂದು ವರ್ಷಗಟ್ಟಲೆ ಮಲಗಿಸಿಟ್ಟಿದ್ದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಬ್ಬಿಸಿ, ನಡೆಸಿ, ಹಲವರನ್ನು ಮನೆಗೆ ಕಳಿಸಿದರು. ವೈದ್ಯರು, ನರ್ಸು, ಫಿಸಿಯೋಥೆರಪಿಸ್ಟು ಒಟ್ಟಾಗಿ ರೋಗದ ಜೊತೆಗೆ ನಡಿಗೆ, ಊಟ, ಮನಸ್ಸು, ಮಾತ್ರೆ, ಮನೆಯ ಸ್ಥಿತಿ ಎಲ್ಲವನ್ನೂ ತೂಗಿನೋಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಈ ರೀತಿ ನೋಡಿಕೊಂಡ ಹಿರಿಯರು ಆಸ್ಪತ್ರೆಯಿಂದ ಹೊರಟು ತಿಂಗಳುಗಳ ನಂತರವೂ ತಮ್ಮ ಮನೆಯಲ್ಲೇ ಬದುಕಿರುವ ಸಂಭವ ಹೆಚ್ಚು ಎಂದು 29 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆ ಹೇಳಿದೆ. ನಮ್ಮಲ್ಲಿ 2010ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ಎಂದು ಬರೆದಿದೆ. ನಿಮ್ಮೂರಿನಲ್ಲಿ ಅದು ಯಾವ ದಿನ ಎಂದು ಹೋಗಿ ಕೇಳಿ. ಇಲ್ಲವೆಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ. ಮಕ್ಕಳ ಲಸಿಕೆಯ ದಿನ ತಪ್ಪಿದರೆ ಊರೇ ಕೇಳುತ್ತದೆ, ಹಿರಿಯರ ಕ್ಲಿನಿಕ್ಕನ್ನೂ ಹಾಗೆಯೇ ಕೇಳಬೇಕು.

ಪ್ರಶ್ನೆ: ಅಜ್ಜಿಗೆ 88. ಹಳ್ಳಿಯಲ್ಲಿದ್ದೇವೆ, ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದರೆ ಎರಡು ದಿನ ಮೇಲೇಳುವುದಿಲ್ಲ. ಮನೆಗೇ ಬಂದು ನೋಡುವ ವ್ಯವಸ್ಥೆ ಇದೆಯೆ?
– ಓದುಗರು, ಮಾಲೂರು

ಉತ್ತರ: ನಿಮ್ಮ ಆಶಾ ಕಾರ್ಯಕರ್ತೆಗೂ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೂ ಅಜ್ಜಿಯ ಹೆಸರು ಕೊಡಿ. ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾಗಿದ್ದು ನಿಮ್ಮ ಕೋಲಾರ ಜಿಲ್ಲೆಯಲ್ಲೇ. ಪಕ್ಕದ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ 2021ರಲ್ಲಿ ತಮಿಳುನಾಡು ಸರಕಾರ ಆರಂಭಿಸಿದ ಮನೆಬಾಗಿಲ ಚಿಕಿತ್ಸೆಯಲ್ಲಿ ಮಾತ್ರೆಯ ಜೊತೆಗೆ ಫಿಸಿಯೋಥೆರಪಿಯೂ ಉಪಶಮನ ಆರೈಕೆಯೂ ಸೇರಿವೆ. ಅವೆರಡೂ ನಮ್ಮ ಹಳ್ಳಿ ಮನೆಗಳನ್ನು ಮುಟ್ಟಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹಿರಿಯರ ಸಹಾಯವಾಣಿ 14567ಕ್ಕೂ ಕರೆಮಾಡಬಹುದು. ಯಾವುದೇ ದೊಡ್ಡ ಪರೀಕ್ಷೆ, ಆಪರೇಷನ್ ಮಾತು ಬಂದರೆ ಮೊದಲು ಅಜ್ಜಿಯನ್ನೇ ಕೇಳಿ: ಅವರಿಗೆ ಏನು ಬೇಕು, ಏನು ಬೇಡ. ಆ ಉತ್ತರವನ್ನು ವೈದ್ಯರಿಗೆ ಅವರ ಮಾತಿನಲ್ಲೇ ಮುಟ್ಟಿಸಿ.

ಪ್ರಶ್ನೆ: ಅಪ್ಪನಿಗೆ ನಿಶ್ಶಕ್ತಿ. ತಿಂಗಳಿಗೊಮ್ಮೆ ಗ್ಲುಕೋಸ್ ಬಾಟಲಿ ಹಾಕಿಸಿದರೆ ಚೈತನ್ಯ ಬರುತ್ತದೆ ಎನ್ನುತ್ತಾರೆ. ಹಾಕಿಸಬಹುದೆ?
– ಓದುಗರು, ಹಿರಿಯೂರು

ಉತ್ತರ: ಬೇಡ. ಶೇ. 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲುಕೋಸ್, ಐದಾರು ಚಮಚ ಸಕ್ಕರೆಯಷ್ಟು. ಪ್ರೋಟೀನು ಇಲ್ಲ. ಹೃದಯ ದುರ್ಬಲವಾಗಿದ್ದರೆ ಆ ನೀರೇ ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟಬಹುದು, ಶುಗರ್ ಇದ್ದವರಿಗೆ ಇನ್ನೊಂದು ತೊಂದರೆ. ವಾಂತಿ-ಭೇದಿಯಾಗಿ ಬಾಯಿಯಿಂದ ನೀರೂ ಇಳಿಯದಿದ್ದಾಗ ಡ್ರಿಪ್ ಬೇಕು, ಆಗ ತಡಮಾಡಬೇಡಿ. ಉಳಿದಂತೆ ಆ ಹಣಕ್ಕೆ ಮೊಟ್ಟೆ, ಹಾಲು, ಕಡಲೇಕಾಯಿ ತನ್ನಿ, ನಿಶ್ಶಕ್ತಿಯ ಕಾರಣ ಹುಡುಕಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೂಕ ನೋಡಿ ಬರೆದಿಡಿ.