ಎಂಜಿನು ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ – ಏಕೆ?

ಹಳೆಯ ಮೋಟಾರು ಕಾರನ್ನು ಇಟ್ಟುಕೊಂಡಿರುವ ಮನೆಯವರಿಗೆ ಒಂದು ಸದ್ದು ಚೆನ್ನಾಗಿ ಪರಿಚಯವಿರುತ್ತದೆ. ಕೀಲಿಯನ್ನು ತಿರುಗಿಸಿದೊಡನೆ ಸೆಲ್ಫ್ ಎಂಜಿನನ್ನು ಹೊರಳಿಸತೊಡಗುತ್ತದೆ. ಹತ್ತು ಹದಿನೈದು ಸುತ್ತು ಆಗುತ್ತದೆ. ಆದರೆ ಎಂಜಿನು ತಾನಾಗಿ ಓಡುವುದಿಲ್ಲ. ಇಂಥ ಸಮಯದಲ್ಲಿ ಸುತ್ತ ನಿಂತವರಿಗೆಲ್ಲ ಒಂದೊಂದು ಸಲಹೆ ಹೊಳೆಯುವುದುಂಟು. ಒಬ್ಬರು ಪ್ಲಗ್ಗು ಬದಲಾಯಿಸಿರೆನ್ನುತ್ತಾರೆ. ಮತ್ತೊಬ್ಬರು ಪೆಟ್ರೋಲಿನಲ್ಲಿ ನೀರು ಸೇರಿದೆಯೆನ್ನುತ್ತಾರೆ. ಒಂದಾದ ಮೇಲೊಂದರಂತೆ ಭಾಗಗಳನ್ನು ಬದಲಾಯಿಸುತ್ತ ಹೋದರೆ ಹಣ ವೆಚ್ಚವಾಗುವುದು ನಿಶ್ಚಯ. ಕಾರು ಹೊರಡುವುದು ಮಾತ್ರ ಅನಿಶ್ಚಯ.

ಇಲ್ಲಿ ಹೇಳಿರುವುದು ಕಾರ್ಬ್ಯುರೇಟರು ಮತ್ತು ಪಾಯಿಂಟುಗಳಿರುವ ಪೆಟ್ರೋಲ್ ಗಾಡಿಗಳಿಗೆ, ಎಂದರೆ ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮುಂತಾದವುಗಳಿಗೆ ಅನ್ವಯಿಸತಕ್ಕದ್ದು. ಇಂದಿನ ಕಾರುಗಳಲ್ಲಿ ಈ ಕೆಲಸಗಳನ್ನೆಲ್ಲ ಗಣಕವೊಂದು ನಿಯಂತ್ರಿಸುವುದರಿಂದ ಅವುಗಳ ರೀತಿ ಬೇರೆ.

ಎಂಜಿನು ಓಡಬೇಕಾದರೆ ಬೇಕಾದವು ಮೂರು. ಪೆಟ್ರೋಲಿನ ಆವಿಯೂ ಗಾಳಿಯೂ ತಕ್ಕ ಪ್ರಮಾಣದಲ್ಲಿ, ತೂಕದಲ್ಲಿ ಸುಮಾರು ಒಂದಕ್ಕೆ ಹದಿನೈದರಂತೆ, ಬೆರೆತು ಸಿಲಿಂಡರನ್ನು ಸೇರಬೇಕು. ಪಿಸ್ಟನ್ನು ಆ ಮಿಶ್ರಣವನ್ನು ಚೆನ್ನಾಗಿ ಒತ್ತಬೇಕು. ಒತ್ತಿ ಮುಗಿಯುವ ಹೊತ್ತಿಗೆ ಸರಿಯಾಗಿ ಕಿಡಿ ಹಾರಬೇಕು. ನಿನ್ನೆಯವರೆಗೂ ಓಡಿದ ಎಂಜಿನಿನಲ್ಲಿ ಒತ್ತುವ ಶಕ್ತಿ ಒಂದೇ ರಾತ್ರಿಯಲ್ಲಿ ನಾಶವಾಗುವುದು ಅಪರೂಪ. ಆದುದರಿಂದ ಮೊದಲು ವಿಚಾರಿಸಬೇಕಾದವು ಪೆಟ್ರೋಲು ಮತ್ತು ಕಿಡಿ.

ಇವೆರಡರಲ್ಲಿ ತಪ್ಪು ಯಾವುದರದೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಕೆಲವು ಸೆಕೆಂಡುಗಳ ಕಾಲ ಸೆಲ್ಫ್ ಹೊಡೆದು ಕೂಡಲೇ ಒಂದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ತುದಿ ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ತಲಪಿಲ್ಲ. ಟ್ಯಾಂಕು, ಕೊಳವೆ, ಪಂಪು, ಕಾರ್ಬ್ಯುರೇಟರು, ಚೋಕು, ಇವುಗಳ ಕಡೆಗೆ ಹೋಗಬೇಕು. ತುದಿ ಒದ್ದೆಯಾಗಿ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಪೆಟ್ರೋಲು ಬಂದಿದೆ, ಅದನ್ನು ಹೊತ್ತಿಸುವವರಿಲ್ಲ. ಚೋಕನ್ನು ಅತಿಯಾಗಿ ಎಳೆದರೂ ಪ್ಲಗ್ಗು ತೊಯ್ಯುವುದುಂಟು. ಆಗ ಅದನ್ನು ಒರೆಸಿ ಒಣಗಿಸಿ, ಚೋಕನ್ನು ತಳ್ಳಿ, ಮತ್ತೊಮ್ಮೆ ಪ್ರಯತ್ನಿಸಬೇಕು.

ಇನ್ನು ಕಿಡಿಯ ವಿಚಾರ. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಪ್ಲಗ್ಗಿನ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಸಂದಿಯಲ್ಲಿ ಕಿಡಿ ಹಾರಲು ಬೇಕಾದುದು ಅನೇಕ ಸಾವಿರ ವೋಲ್ಟು. ಈ ಏರಿಕೆಯನ್ನು ಉಂಟುಮಾಡುವುದು ಕಾಯಿಲ್. ಅದರೊಳಗೆ ಒಂದೇ ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವೇ ನೂರು ಸುತ್ತುಗಳೂ, ಸಣ್ಣ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಪಾಯಿಂಟುಗಳು ಕೂಡಿರುವಾಗ ದಪ್ಪ ತಂತಿಯಲ್ಲಿ ಸುಮಾರು ನಾಲ್ಕು ಆಂಪೇರು ಪ್ರವಾಹ ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಪಾಯಿಂಟುಗಳು ತಟ್ಟನೆ ಅಗಲಿದೊಡನೆ ಆ ಕಾಂತಕ್ಷೇತ್ರ ಕುಸಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಆ ಕುಸಿತ ಎಷ್ಟು ಬೇಗನೆ ಆಗುವುದೋ ಸಣ್ಣ ತಂತಿಯಲ್ಲಿ ಅಷ್ಟು ಹೆಚ್ಚು ವೋಲ್ಟೇಜು ಹುಟ್ಟುತ್ತದೆ. ಪಾಯಿಂಟುಗಳ ಪಕ್ಕದಲ್ಲಿರುವ ಚಿಕ್ಕ ಕಂಡೆನ್ಸರಿನ ಕೆಲಸವೂ ಇದೇ. ಅದಿಲ್ಲದಿದ್ದರೆ ಪ್ರವಾಹವು ಅಗಲುತ್ತಿರುವ ಪಾಯಿಂಟುಗಳ ನಡುವೆಯೇ ಕಿಡಿಯಾಗಿ ಹಾರಿ, ಕುಸಿತವನ್ನು ನಿಧಾನಗೊಳಿಸಿ, ಪಾಯಿಂಟುಗಳನ್ನು ಸುಟ್ಟುಬಿಡುತ್ತದೆ.

ಪ್ಲಗ್ಗನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನಿಗೆ ತಾಗಿಸಿ ಕಿಡಿ ನೋಡುವುದು ಎಲ್ಲರೂ ಬಲ್ಲ ವಿಧಾನ. ಆಗ ಗಾಡಿ ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್‌ಬ್ರೇಕು ಹಾಕಿರಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯದೆ ಒಣಗಿದ ಮರದ ಇಕ್ಕಳದಲ್ಲಿ ಹಿಡಿಯಬೇಕು. ಪ್ಲಗ್ಗು ಬಿಚ್ಚಿದ ರಂಧ್ರದ ಬಾಯಲ್ಲಾಗಲಿ, ಕಾರ್ಬ್ಯುರೇಟರಿನ ಹತ್ತಿರವಾಗಲಿ, ಪೆಟ್ರೋಲು ಚೆಲ್ಲಿರುವ ಕಡೆಯಾಗಲಿ ಕಿಡಿ ಹಾರಿಸಬಾರದು. ಪೆಟ್ರೋಲಿನ ಕೊಳವೆಯನ್ನು ಬಿಚ್ಚುವ ಕೆಲಸವಿದ್ದರೆ ಅದನ್ನು ಕಿಡಿಯ ಪರೀಕ್ಷೆ ಮುಗಿದ ಮೇಲೆ ಮಾಡುವುದು ಮೇಲು.

ಆದರೆ ಈ ಪರೀಕ್ಷೆ ನಮ್ಮನ್ನು ಮೋಸಗೊಳಿಸಬಲ್ಲದು; ನನಗೆ ಆದುದೂ ಹಾಗೆಯೇ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ತಂದೆಯವರು ಬಹುಕಾಲದಿಂದ ಇಟ್ಟುಕೊಂಡಿದ್ದ ಕಾರೊಂದಿದೆ. ಒಂದು ಮಳೆಗಾಲದಲ್ಲಿ ಅವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗೆಯಲ್ಲಿ ದಿನ ಗೊತ್ತಾಗಿತ್ತು. ಅದಕ್ಕೆ ಒಂದು ವಾರ ಮುಂಚೆ ಕಾರು ಈ ರೋಗ ಹಿಡಿಯಿತು. ನಾನು ಪ್ಲಗ್ಗನ್ನು ಹೊರಗಿಟ್ಟು ನೋಡಿದೆ, ಕಿಡಿ ಹಾರಿತು. ಆದುದರಿಂದ ತಪ್ಪು ಪೆಟ್ರೋಲಿನದೇ ಎಂದು ನಿರ್ಣಯಿಸಿ ಹೊಸ ಪಂಪು ಹಾಕಿಸಿದೆ. ಭೌತಶಾಸ್ತ್ರವನ್ನು ಪಾಠ ಹೇಳುವವನು ಪ್ಲಗ್ಗು ಒದ್ದೆಯಾಗಿದ್ದುದನ್ನು ಕಂಡೂ ಅದರ ಅರ್ಥವನ್ನು ಯೋಚಿಸಲಿಲ್ಲ! ಹೊಸ ಪಂಪು ಬಂದರೂ ಕಾರು ಹೊರಡಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ತಂದೆಯವರು, "ತಳ್ಳಿದ್ರೆ ಹೊತ್ಕೊಳ್ಳತ್ತೆ ಮಾರಾಯ, ಸೆಲ್ಫಿಗೆ ಮಾತ್ರ ಆಗಲ್ಲ" ಎಂದರು. ಅವರು ಎರಡು ದಿನದಿಂದ ಇದನ್ನೇ ಹೇಳುತ್ತಿದ್ದರು.

ಈ ಮಾತಿನಲ್ಲಿ ಉತ್ತರವೇ ಅಡಗಿತ್ತು. ತಳ್ಳಿದಾಗಲೂ ಸೆಲ್ಫ್ ಹೊಡೆದಾಗಲೂ ಪೆಟ್ರೋಲು ಅದೇ, ಪಂಪು ಅದೇ, ಪ್ಲಗ್ಗುಗಳೂ ಅವೇ. ಬೇರೆಯಾಗಿರುವುದು ಮುಖ್ಯವಾಗಿ ಒಂದು: ತಳ್ಳುವಾಗ ಸೆಲ್ಫ್ ಬ್ಯಾಟರಿಯಿಂದ ಏನನ್ನೂ ಸೆಳೆಯುವುದಿಲ್ಲ. ಬ್ಯಾಟರಿಯಿಂದ ಕಿಡಿ ಹಾರಿಸುವ ಏರ್ಪಾಡನ್ನು ರೂಪಿಸಿದ ಅಮೆರಿಕದ ಚಾರ್ಲ್ಸ್ ಕೆಟರಿಂಗನೇ 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರನ್ನೂ ಒದಗಿಸಿದನು. ಅಂದಿನಿಂದ ಎರಡಕ್ಕೂ ಒಂದೇ ಬ್ಯಾಟರಿ. ಒಂದು ನಾಲ್ಕು ಆಂಪೇರು ಕೇಳುವಾಗ ಇನ್ನೊಂದು ನೂರೈವತ್ತು ಆಂಪೇರು ಸೆಳೆಯುತ್ತಿರುತ್ತದೆ.

ಬ್ಯಾಟರಿಯ ಒಂದು ತುದಿಯನ್ನು ದಪ್ಪ ಪಟ್ಟಿಯಿಂದ ಕಾರಿನ ಮೈಗೆ ಬಿಗಿದಿರುತ್ತಾರೆ. ಇದೇ ಅರ್ತ್. ಸೆಲ್ಫಿನ ಪ್ರವಾಹವೂ ಕಾಯಿಲಿನ ಪ್ರವಾಹವೂ ಈ ಒಂದೇ ದಾರಿಯಿಂದ ಬ್ಯಾಟರಿಗೆ ಹಿಂದಿರುಗಬೇಕು. ಆ ಬಿಗಿತದಲ್ಲಿ ತುಕ್ಕು ಸೇರಿ ಒಂದು ಓಮಿನ ಐವತ್ತನೆಯ ಒಂದು ಪಾಲಿನಷ್ಟು ರೋಧ ಉಂಟಾಗಿದೆಯೆಂದುಕೊಳ್ಳೋಣ. ಕೀಲಿ ತಿರುಗಿಸಿ ಸುಮ್ಮನಿದ್ದಾಗ ನಾಲ್ಕು ಆಂಪೇರು ಹರಿದು ಅಲ್ಲಿ ಕಳೆದುಹೋಗುವುದು 0.08 ವೋಲ್ಟು, ಯಾರ ಗಮನಕ್ಕೂ ಬಾರದು. ಸೆಲ್ಫ್ ಹೊಡೆದಾಗ ನೂರೈವತ್ತು ಆಂಪೇರಿಗೆ ಅಲ್ಲಿಯೇ 3 ವೋಲ್ಟು ಕಳೆಯುತ್ತದೆ. ಸುಸ್ಥಿತಿಯ ಬ್ಯಾಟರಿ ಕೂಡ ಆ ಹೊತ್ತಿನಲ್ಲಿ ತನ್ನ ಒಳರೋಧದಿಂದ 12.6ರಿಂದ ಸುಮಾರು 10.5ಕ್ಕೆ ಇಳಿದಿರುತ್ತದೆ. ಕೊನೆಗೆ ಕಾಯಿಲಿಗೆ ಉಳಿಯುವುದು 7.5 ವೋಲ್ಟು.

ಹನ್ನೆರಡಕ್ಕೆ ಬದಲು ಏಳೂವರೆ ಎಂದರೆ ಅಷ್ಟೇನೂ ಕೆಟ್ಟುದಲ್ಲವೆಂದು ತೋರಬಹುದು. ಆದರೆ ಕಾಂತಕ್ಷೇತ್ರದಲ್ಲಿ ಶೇಖರವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಸಾರವಾಗಿರುತ್ತದೆ. 7.5ನ್ನು 12.6ರಿಂದ ಭಾಗಿಸಿ ವರ್ಗ ಮಾಡಿದರೆ 0.35 ಬರುತ್ತದೆ. ಕಿಡಿಗೆ ದೊರೆಯುವ ಶಕ್ತಿ ಮೂರನೆಯ ಒಂದು ಪಾಲಿಗೆ ಇಳಿಯಿತು!

ಹಾಗಿದ್ದರೂ ಹೊರಗಿಟ್ಟ ಪ್ಲಗ್ಗಿನಲ್ಲಿ ಕಿಡಿ ಹಾರಿದ್ದು ಹೇಗೆ? ಗಾಳಿಯನ್ನು ಒತ್ತಿದಷ್ಟೂ ಅದರಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಹೊರಗಿನ ಸಡಿಲವಾದ ಗಾಳಿಯಲ್ಲಿ ನೆಗೆಯಬಲ್ಲ ಬಡಕಲು ಕಿಡಿ, ಏಳೆಂಟು ಪಾಲು ಒತ್ತಿದ ಮಿಶ್ರಣದೊಳಗೆ ಹುಟ್ಟದೆಯೇ ಹೋಗಬಹುದು. ಆದುದರಿಂದ ಕಿಡಿ ಉಂಟೋ ಇಲ್ಲವೋ ಎಂದು ನೋಡಿದರೆ ಸಾಲದು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ದಪ್ಪ ತಂತಿಯನ್ನು ಕಿತ್ತು, ಅದರ ತುದಿಯನ್ನು ಎಂಜಿನಿನ ಲೋಹದಿಂದ ಐದಾರು ಮಿಲಿಮೀಟರು ದೂರದಲ್ಲಿ ಹಿಡಿದಾಗ ಸೆಲ್ಫ್ ತಿರುಗುತ್ತಿರುವಂತೆಯೇ ಕಿಡಿ ಹಾರಬೇಕು; ಬಣ್ಣ ನೀಲಿಯಾಗಿರಬೇಕು, ಚಟ್ ಎಂಬ ಸದ್ದು ಕೇಳಬೇಕು. ತೆಳ್ಳಗೆ ಹಳದಿಯಾಗಿದ್ದರೆ ಅದನ್ನು ನಂಬಲಾಗದು.

ನಾನು ಮಾಡಿದುದು ಇಷ್ಟು. ವೋಲ್ಟ್‌ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಯ ಸೀಸದ ಗುಬುಟಿಗೇ ಒತ್ತಿ, ಇನ್ನೊಂದನ್ನು ಎಂಜಿನಿನ ಲೋಹಕ್ಕೆ ತಾಗಿಸಿ, ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ದಾರಿ ಚೆನ್ನಾಗಿದ್ದರೆ ಮುಳ್ಳು ಅರ್ಧ ವೋಲ್ಟನ್ನು ದಾಟಬಾರದು. ಅದು ಮೂರರ ಹತ್ತಿರ ಹೋಯಿತು. ವೋಲ್ಟ್‌ಮೀಟರಿಲ್ಲದವರು ಕತ್ತಲಲ್ಲಿ ಮುಂದಿನ ದೀಪ ಹಾಕಿ ಸೆಲ್ಫ್ ಹೊಡೆಯಬಹುದು. ದೀಪ ಕೆಂಪಗಾಗಿ ಆರುವಂತಾದರೆ ಬ್ಯಾಟರಿಯನ್ನೂ ಬಿಗಿತಗಳನ್ನೂ ಸಂಶಯಿಸಬೇಕು. ಅರ್ತ್ ಪಟ್ಟಿಯ ಬೋಲ್ಟನ್ನು ಬಿಚ್ಚಿದಾಗ ಅದರ ಕೆಳಗೆ ಮಳೆಗಾಲದ ಕೊಡುಗೆಯಾಗಿ ತುಕ್ಕು ಮೆತ್ತಿಕೊಂಡಿತ್ತು. ಉಪ್ಪುಕಾಗದದಿಂದ ಎರಡು ಮುಖಗಳನ್ನೂ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದೆ. ಸೆಲ್ಫಿನ ಸದ್ದೇ ಬದಲಾಗಿ ಚುರುಕಾಯಿತು. ಎರಡನೆಯ ಸುತ್ತಿಗೆ ಎಂಜಿನು ಹೊತ್ತಿಕೊಂಡಿತು.

ಗೊತ್ತಾದ ದಿನವೇ ಶಿವಮೊಗ್ಗೆಗೆ ಹೋದೆವು. ತೆಗೆದುಹಾಕಿದ ಹಳೆಯ ಪಂಪನ್ನು ನಾನು ಕಾಲೇಜಿಗೆ ಒಯ್ದು ವಿದ್ಯಾರ್ಥಿಗಳ ಮುಂದೆ ಬಿಚ್ಚಿದೆ. ಅದರ ಡಯಾಫ್ರಂ, ಎರಡು ಕವಾಟಗಳು, ಸ್ಪ್ರಿಂಗು, ಎಲ್ಲವೂ ಸರಿಯಾಗಿದ್ದುವು.